ಇಡ್ಲಿಗೆ ಆಗ್ಲಿಕ್ಕಿಲ್ಲ, ದೋಸೆಗೆ ಆದೀತು

ಮಾಟುಂಗಾದಲ್ಲಿ ನಮ್ಮ ಕನ್ನಡದವರ ಒಂದು ಸಣ್ಣ ಕೂಟದಲ್ಲಿ ಮೊನ್ನೆ ಭಾನುವಾರ ನಾನು ಮಾತಾಡಿದ್ದು ಇದು. ಫೋನಲ್ಲಿ ರೆಕಾರ್ಡ್ ಆದದ್ದನ್ನ ಕೇಳ್ಕೊಂಡು ಟೈಪ್ ಮಾಡಿದ್ದೇನೆ, ಆಡಿದ ಹಾಗೇ ಇರ್ಲಿ ಅಂತ ಹೆಚ್ಚು ತಿದ್ಲಿಲ್ಲ. ಮಧ್ಯೆ ಮೈಕ್ ಕೈಕೊಟ್ಟ ಭಾಗ ಮಾತ್ರ ನೆನಪಿಂದ ಬರೆದದ್ದು.

ಎಲ್ರಿಗೂ ನಮಸ್ಕಾರ. ತಡ ಆಯ್ತು, ಕ್ಷಮಿಸಿ. ಪುಣೆಯಿಂದ ದಾದರ್ ತನಕ ಸರಿಯಾದ ಟೈಮಿಗೇ ಬಂದೆ, ದಾದರ್‌ನಿಂದ ಮಾಟುಂಗಾ ಒಂದೇ ಸ್ಟೇಷನ್, ಆದ್ರೆ ಇವತ್ತು ಭಾನುವಾರ, ಮೆಗಾ ಬ್ಲಾಕ್ ಅಂತ ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸಿದ್ರು, ಮುಂದಿನದ್ದು ನಿಮಗೇ ಗೊತ್ತು. ಕೊನೆಗೆ ನಡ್ಕೊಂಡೇ ಬಂದೆ, ದಾರಿಯಲ್ಲಿ ಫಿಲ್ಟರ್ ಕಾಫಿ ವಾಸನೆಗೆ ಒಂದು ಕಡೆ ಕಾಲು ನಿಂತಿತು, ಅದು ಬೇರೆ ವಿಷಯ.

ರೈಲಿನ ಸುದ್ದಿ ಬಂತಲ್ಲ, ಅಲ್ಲಿಂದ್ಲೇ ಶುರು ಮಾಡ್ತೇನೆ. ಲೋಣಾವಳಾ ಬಿಟ್ಟು ಘಾಟಿ ಇಳಿಯುವಾಗ ಒಂದರ ಹಿಂದೆ ಒಂದು ಸುರಂಗ, ನೆಟ್‌ವರ್ಕ್ ಬರ್ತದೆ ಹೋಗ್ತದೆ. ನನ್ನ ಎದುರು ಕೂತ ಹುಡುಗಿ ಚಾಟ್‌ಜಿಪಿಟಿಗೆ ಎಂತದೋ ಕೇಳಿದ್ಲು, ಚಕ್ರ ಸುತ್ತಿದ್ದೇ ಸುತ್ತಿದ್ದು. ನಾನು ಅದೇ ಹೊತ್ತಿಗೆ ಮನೆಗೆ ಮೆಸೇಜ್ ಟೈಪ್ ಮಾಡ್ತಾ ಇದ್ದೆ, ನನ್ನ ಕೀಬೋರ್ಡ್ ಮಾತ್ರ ಸುರಂಗದ ಒಳಗೂ ಮುಂದಿನ ಶಬ್ದ ಇದಾ ಅದಾ ಅಂತ ಕೇಳ್ತಾನೇ ಇತ್ತು. ಒಂದು ಎಲ್ಲೋ ದೂರದ ಡೇಟಾ ಸೆಂಟರಲ್ಲಿ ಕೂತ ಆನೆ, ಇನ್ನೊಂದು ನನ್ನ ಕಿಸೆಯಲ್ಲಿರುವ ಇರುವೆ. ಆದ್ರೆ ಈಗೀಗ ಈ ಇರುವೆಗಳು ಆನೆ ಮಾಡುವ ಕೆಲಸವನ್ನೇ ಅಲ್ಪಸ್ವಲ್ಪ ಮಾಡ್ತವೆ. ಅದು ಹೇಗೆ ಅಂತ ಹೇಳ್ಲಿಕ್ಕೆ ಬಂದದ್ದು ನಾನು.

ಮೊದ್ಲು ತೂಕ ಎಷ್ಟು ಅಂತ ನೋಡುವ. ಆನೆ, ಇರುವೆ, ಎರಡೂ ಎಐ ಮಾಡೆಲ್‌ಗಳು, ಒಳಗಿರೋದು ನ್ಯೂರಲ್ ನೆಟ್‌ವರ್ಕ್. ನ್ಯೂರಲ್ ನೆಟ್‌ವರ್ಕ್ ಅಂದ್ರೆ ಕೊನೆಗೆ ಒಂದು ರಾಶಿ ಸಂಖ್ಯೆ, ಪ್ಯಾರಾಮೀಟರ್ ಅಂತಾರೆ. 7 ಬಿಲಿಯನ್ ಪ್ಯಾರಾಮೀಟರ್ ಅಂದ್ರೆ 700 ಕೋಟಿ ಸಂಖ್ಯೆ. ಒಂದೊಂದಕ್ಕೆ ಎರಡು ಬೈಟ್ ಹಿಡಿದ್ರೂ 14 ಜಿಬಿ ಆಯ್ತು. ಇದು ಈಗಿನ ಲೆಕ್ಕದಲ್ಲಿ ಸಣ್ಣ ಮಾಡೆಲ್! ನಿಮ್ಮ ಫೋನಿನ ಮೆಮೊರಿ ಎಷ್ಟು, 6 ಜಿಬಿ, 8 ಜಿಬಿ? ಅದ್ರಲ್ಲಿ ವಾಟ್ಸಾಪ್‌ನ ಗುಡ್ ಮಾರ್ನಿಂಗ್ ಫೋಟೋಗಳಿಗೂ ಜಾಗ ಬೇಕಲ್ಲ.

ಸಣ್ಣ ಮಾಡ್ಲಿಕ್ಕೆ ದಾರಿ ಬೇರೆ ಬೇರೆ ಉಂಟು. ಕ್ವಾಂಟೈಸೇಶನ್ ಅಂದ್ರೆ ಸಂಖ್ಯೆಯನ್ನ ಕಮ್ಮಿ ಬಿಟ್‌ನಲ್ಲಿ ಬರೆಯೋದು, 32 ಬಿಟ್ ಇದ್ದದ್ದನ್ನ 8 ಬಿಟ್ ಮಾಡಿದ್ರೆ ಗಾತ್ರ ಕಾಲಂಶ ಆಯ್ತು, ರೂಪಾಯಿ ಪೈಸೆ ಬಿಟ್ಟು ಬರೀ ರೂಪಾಯಿಯಲ್ಲಿ ಲೆಕ್ಕ ಇಟ್ಟ ಹಾಗೆ. ಪ್ರೂನಿಂಗ್ ಅಂದ್ರೆ ಕೆಲಸಕ್ಕೆ ಬಾರದ ಕೊಂಡಿಗಳನ್ನ ಸವರಿ ಹಾಕೋದು, ಮಲ್ಲಿಗೆ ಗಿಡ ಸವರ್ತೇವಲ್ಲ ಹಾಗೆ. ಇದು ಹಳೇ ಐಡಿಯಾ, 1989ರಲ್ಲೇ ಯಾನ್ ಲೆಕುನ್ ಮತ್ತೆ ಜೊತೆಯವ್ರು ಇದರ ಮೇಲೆ ಬರೆದ್ರು, ಪೇಪರ್ ಹೆಸರು ‘ಆಪ್ಟಿಮಲ್ ಬ್ರೇನ್ ಡ್ಯಾಮೇಜ್’, ಹೆಸರಿಡೋದ್ರಲ್ಲಿ ಅವ್ರಿಗೆ ನೂರಕ್ಕೆ ನೂರು. 2015ರಲ್ಲಿ ಸಾಂಗ್ ಹಾನ್ ಅವ್ರ ತಂಡ ಇವೆರಡನ್ನೂ ಸೇರಿಸಿ, ಮೇಲಿಂದ ಜಿಪ್ ಫೈಲ್ ಥರದ ಒಂದು ಕೋಡಿಂಗೂ ಹಾಕಿ, 240 ಎಂಬಿ ಇದ್ದ, ಚಿತ್ರ ಗುರುತಿಸುವ ಅಲೆಕ್ಸ್‌ನೆಟ್ಟನ್ನ 6.9 ಎಂಬಿಗೆ ಇಳಿಸಿ ತೋರಿಸಿದ್ರು. ಇವೆಲ್ಲ ಒಳ್ಳೇದೇ, ದಿನಾ ಮಾಡ್ತೇವೆ. ಆದ್ರೆ ಇವೆಲ್ಲ ಇದ್ದ ಪೆಟ್ಟಿಗೆಯನ್ನೇ ಒತ್ತಿ ಹಿಂಡುವ ಕೆಲಸ. ನನಗೆ ಮಜಾ ಬರೋದು ಇನ್ನೊಂದರಲ್ಲಿ, ಅದರಲ್ಲಿ ದೊಡ್ಡ ಪೆಟ್ಟಿಗೆಯನ್ನ ಮುಟ್ಟೋದೇ ಇಲ್ಲ. ಬೇರೆಯೇ ಒಂದು ಸಣ್ಣ ನೆಟ್‌ವರ್ಕ್ ತಂದು ದೊಡ್ಡದರ ಎದುರು ಕೂರಿಸಿ ಪಾಠ ಹೇಳಿಸೋದು. ನಾಲೆಡ್ಜ್ ಡಿಸ್ಟಿಲೇಶನ್ ಅಂತ ಹೆಸರು.

ಡಿಸ್ಟಿಲೇಶನ್ ಅಂದ್ರೆ ಭಟ್ಟಿ ಇಳಿಸೋದು. ಈಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಗೋವಾ ನೆನಪಾಯ್ತು ಅಂತ ಕಾಣ್ತದೆ. ಸರಿ, ಹೇಳ್ತೇನೆ. ಗೇರುಹಣ್ಣಿನ ರಸ ಹುಳಿ ಬರಿಸಿ ಭಟ್ಟಿಗೆ ಹಾಕಿ ಮೊದಲ ಸಲ ಇಳಿಸಿದ್ದು ಉರಾಕ್, ಅದನ್ನ ಮತ್ತೊಮ್ಮೆ ಇಳಿಸಿದ್ದು ಫೆನಿ. ಕೊಡದಲ್ಲಿದ್ದದ್ದು ಬಾಟ್ಲಿಗೆ ಬಂತು, ಗಾತ್ರ ಇಳಿತು, ಕಿಕ್ ಏರಿತು. ಹೋಲಿಕೆ ಚಂದ ಉಂಟು, ಆದ್ರೆ ಸರಿ ಇಲ್ಲ ಅಂತ ನನ್ನ ವಾದ. ಫೆನಿಯಲ್ಲಿ ಗೇರುಹಣ್ಣಿನ ಸಾರವೇ ಬರ್ತದೆ ಮಾರಾಯ್ರೆ. ಇಲ್ಲಿ ದೊಡ್ಡ ಮಾಡೆಲ್‌ನ ಒಂದೇ ಒಂದು ಸಂಖ್ಯೆ ಸಣ್ಣದಕ್ಕೆ ಹೋಗೋದಿಲ್ಲ. ಹೋಗೋದು ಬರೀ ಮಾತು. ಅದಕ್ಕೆ ಭಟ್ಟಿಗಿಂತ ರಾತ್ರಿ ಶಾಲೆ ಅಂದ್ರೆ ಸರಿ ಹೊಂದ್ತದೆ. ಹಗಲಿಡೀ ಹೋಟ್ಲಲ್ಲಿ ಟೇಬಲ್ ಒರೆಸಿ ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಮಾಡಿದ ಹುಡುಗ್ರ ಕತೆ ಈ ಊರಲ್ಲಿ ನಾನು ಹೇಳ್ಬೇಕಾಗಿಲ್ಲ, ಅವ್ರಲ್ಲಿ ಕೆಲವರು ಇಲ್ಲೇ ಎದುರಿನ ಸಾಲಿನಲ್ಲಿ ಕೂತಿದ್ದೀರಿ. ಮಾಸ್ತರ್ರ ತಲೆ ಹುಡುಗನ ತಲೆಗೆ ಬರ್ಲಿಲ್ಲ, ಮಾಸ್ತರ್ರು ಹೇಳಿದ್ದು ಬಂತು.

ಏನು ಹೇಳಿದ್ದು ಅನ್ನೋದೇ ಮುಖ್ಯ. ಅದಕ್ಕೆ ನಮ್ಮ ದೊಡ್ಡಪ್ಪನ ಹೋಟ್ಲಿನ ಅಡುಗೆಕೋಣೆಗೆ ಹೋಗುವ.

ನಾನು ಬೇಸಿಗೆ ರಜೆಯಲ್ಲಿ ಬರ್ತಿದ್ದೆ, ಮೇಲೆ ಅಟ್ಟದಲ್ಲಿ ಹುಡುಗ್ರ ಜೊತೆ ಮಲಗೋದು, ಬೆಳಿಗ್ಗೆ ನಾಲ್ಕಕ್ಕೆ ಪಾತ್ರೆ ಸದ್ದಿಗೆ ಎಚ್ಚರ. ಅಲ್ಲಿ ಒಬ್ರು ಭಟ್ರು ಇದ್ರು, ಹಿಟ್ಟಿನ ಉಸ್ತುವಾರಿ ಅವ್ರದ್ದು. ರಾತ್ರಿ ಕಡೆದಿಟ್ಟ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು, ಮೂಗು ಹತ್ರ ತಂದು, ಎರಡು ಬೆರಳು ಅದ್ದಿ ಬಿಡ್ತಿದ್ರು. ಅವ್ರ ಕೈಕೆಳಗೆ ಊರಿಂದ ಹೊಸದಾಗಿ ಬಂದ ಒಬ್ಬ ಹುಡುಗ. ಈಗ ಎರಡು ಥರ ಕಲಿಸ್ಬಹುದು. ಒಂದು, ಪ್ರತಿ ಪಾತ್ರೆಗೂ ‘ಆಯ್ತು’, ‘ಆಗಿಲ್ಲ’, ಇಷ್ಟೇ ಹೇಳೋದು. ಸಾವಿರ ಪಾತ್ರೆ ನೋಡಿದ ಮೇಲೆ ಹುಡುಗನಿಗೆ ಅಂದಾಜು ಸಿಕ್ಕೀತು. ಇನ್ನೊಂದು ಭಟ್ರು ಹೇಳ್ತಿದ್ದ ಹಾಗೆ: “ಇದು ಇಡ್ಲಿಗೆ ಆಗ್ಲಿಕ್ಕಿಲ್ಲ, ದೋಸೆಗೆ ಆದೀತು, ಉತ್ತಪ್ಪಕ್ಕೆ ಇನ್ನೂ ಒಳ್ಳೇದು, ವಡೆಗಂತೂ ಸುದ್ದಿ ಎತ್ಬೇಡ.” ಒಂದೇ ಪಾತ್ರೆ ನೋಡಿ ನಾಲ್ಕು ತಿಂಡಿಯ ಸಂಬಂಧ ಹೇಳಿ ಮುಗಿಸಿದ್ರು. ಹುಳಿ ಸ್ವಲ್ಪ ಏರಿದೆ, ಇಡ್ಲಿಯಿಂದ ಉತ್ತಪ್ಪದ ಕಡೆ ಹೋಗ್ತಾ ಉಂಟು, ವಡೆ ಹಿಟ್ಟಿನ ಜಾತಿಯೇ ಬೇರೆ. ಇಷ್ಟೂ ಆ ಒಂದು ವಾಕ್ಯದಲ್ಲಿ ಉಂಟು. ಆ ಹುಡುಗ ಎರಡು ತಿಂಗಳಲ್ಲಿ ಪಳಗಿದ, ನಾನು ಪ್ರತಿ ರಜೆಗೆ ಬಂದ್ರೂ ಪಳಗ್ಲಿಲ್ಲ, ಯಾಕಂದ್ರೆ ನಾನು ಎದ್ದು ಬರುವಾಗ ಇಡ್ಲಿ ಬೆಂದಾಗಿರ್ತಿತ್ತು.

ಈಗ ಇದನ್ನೇ ಕಂಪ್ಯೂಟರಿಗೆ ತರುವ. ಕನ್ನಡ ಅಂಕಿಯನ್ನ ಗುರುತಿಸೋ ಮಾಡೆಲ್ ತಗೊಳ್ಳಿ. ಇಂಗ್ಲಿಷ್ ಅಂಕಿಗೆ ಎಂನಿಸ್ಟ್ ಅಂತ ಒಂದು ಪ್ರಸಿದ್ಧ ಡೇಟಾಸೆಟ್ ಉಂಟು, ಕೈಬರಹದ ಅಂಕಿಗಳು, ಕಲಿಲಿಕ್ಕೆ 60,000, ಪರೀಕ್ಷೆಗೆ 10,000. ಅದೇ ಮಾದರಿಯಲ್ಲಿ 2019ರಲ್ಲಿ ವಿನಯ್ ಪ್ರಭು ಅನ್ನೋರು ಕನ್ನಡ-ಎಂನಿಸ್ಟ್ ಮಾಡಿ ಎಲ್ಲರಿಗೂ ಬಿಟ್ರು. ನಾನು ಈ ಕಸುಬಲ್ಲಿ ಇದ್ದುಕೊಂಡು ಅದನ್ನ ನೋಡಿದಾಗ ಆದ ಖುಷಿ ಬೇರೆಯೇ, ನಮ್ಮ ೪ ನಮ್ಮ ೮ ಸ್ಕ್ರೀನ್ ಮೇಲೆ ಸಾಲಾಗಿ ಕೂತಿದ್ವು.

ನಮ್ಮ ಅಂಕಿಯಲ್ಲಿ ತಂಟೆ ಎಲ್ಲಿ? ೬ ಮತ್ತೆ ೯. ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಮೈ, ಬಾಲದ ತಿರುವಲ್ಲಿ ಮಾತ್ರ ವ್ಯತ್ಯಾಸ, ಅವಸರದಲ್ಲಿ ಬರೆದ್ರೆ ದೇವರೇ ಗತಿ. ಒಂದು ೬ರ ಚಿತ್ರ ದೊಡ್ಡ ಮಾಡೆಲ್‌ಗೆ ತೋರಿಸಿದೆವು ಅಂತ ಇಟ್ಕೊಳ್ಳಿ. ಅದು ಒಳಗೆ ಪ್ರತಿ ಅಂಕಿಗೂ ಒಂದು ಮಾರ್ಕ್ ಕೊಡ್ತದೆ. ನಾನು ಲೆಕ್ಕಕ್ಕೆ ಸುಲಭ ಆಗುವ ಹಾಗೆ ಮೂರೇ ಅಂಕಿ ತಗೊಂಡು ಮಾರ್ಕ್ ನಾನೇ ಹಾಕ್ತೇನೆ: ೬ಕ್ಕೆ 10, ೯ಕ್ಕೆ 6, ೦ಗೆ 1. ಈ ಮಾರ್ಕನ್ನ ಶೇಕಡಾ ಮಾಡುವ ಒಂದು ಸೂತ್ರ ಉಂಟು, ಸಾಫ್ಟ್‌ಮ್ಯಾಕ್ಸ್ ಅಂತ. ಹಾಕಿದ್ರೆ ೬ಕ್ಕೆ 98.2, ೯ಕ್ಕೆ 1.8, ೦ಗೆ 0.01 ಬರ್ತದೆ. ಅಂದ್ರೆ ಮಾಡೆಲ್ ಎದೆ ತಟ್ಟಿ ಆರು ಅಂತ ಹೇಳ್ತದೆ. ಸರಿ ಉತ್ತರ. ಆದ್ರೆ ಶಿಷ್ಯನಿಗೆ ಅದ್ರಲ್ಲಿ ಏನು ಸಿಕ್ಕಿತು? ‘ಆರು’ ಅಂತ ಚಿತ್ರದ ಹಿಂದೆಯೇ ಬರೆದಿತ್ತಲ್ಲ. ‘೯ರ ಹಾಗೆ ಸ್ವಲ್ಪ, ೦ಯ ಹಾಗೆ ಅಷ್ಟಿಲ್ಲ’ ಅನ್ನೋ ಭಟ್ರ ಮಾತು ಒಳಗೆ ಉಂಟು, ಆದ್ರೆ ಎಷ್ಟು ಮೆಲ್ಲಗೆ ಅಂದ್ರೆ ಮಿಕ್ಸರ್ ಸದ್ದಲ್ಲಿ ಕೇಳ್ಸೋದೇ ಇಲ್ಲ.

ಅದಕ್ಕೆ ಒಂದು ಉಪಾಯ. ಸೂತ್ರಕ್ಕೆ ಹಾಕುವ ಮೊದ್ಲು ಎಲ್ಲಾ ಮಾರ್ಕನ್ನೂ ಒಂದು ಸಂಖ್ಯೆಯಿಂದ ಭಾಗಿಸಿ. ಆ ಸಂಖ್ಯೆಗೆ ಟೆಂಪರೇಚರ್ ಅಂತ ಹೆಸರು. 4ರಿಂದ ಭಾಗಿಸಿದ್ರೆ ಅದೇ ಮಾರ್ಕುಗಳು 68, 25, 7 ಶೇಕಡಾ ಆಗ್ತವೆ. ಈಗ ನೋಡಿ! ಉತ್ತರ ಈಗಲೂ ಆರೇ, ಆದ್ರೆ ‘ಒಂಬತ್ತರ ಚಾಳಿ ಉಂಟು ಇದಕ್ಕೆ’ ಅನ್ನೋದು ಸ್ಪಷ್ಟವಾಗಿ ಕೇಳಿಸ್ತದೆ. ಹಾಗಂತ 20ರಿಂದ ಭಾಗಿಸಿದ್ರೆ 41, 33, 26. ಎಲ್ಲಾ ಒಂದೇ ಆಗ್ತಾ ಬಂತು, ಗಿರಾಕಿ ಜಾಸ್ತಿ ಆದಾಗ ಸಾಂಬಾರಿಗೆ ನೀರು ಸೇರಿಸಿದ ಹಾಗೆ. ನನ್ನ ಈ ಮೂರು ಮಾರ್ಕಿಗೆ 20 ಜಾಸ್ತಿ, ಬೇರೆ ಕಡೆ ಅದೇ ಸರಿ ಇರ್ಬಹುದು, ಅದನ್ನ ಪ್ರಯೋಗ ಮಾಡಿಯೇ ಹಿಡೀಬೇಕು. ಶಿಷ್ಯನಿಗೆ ಪಾಠ ಆಗುವಾಗ ಇಬ್ಬರಿಗೂ ಅದೇ ಟೆಂಪರೇಚರ್, ಪಾಠ ಮುಗಿದ ಮೇಲೆ ಶಿಷ್ಯ ವಾಪಸ್ 1ಕ್ಕೆ ಬರ್ತಾನೆ. ಜೊತೆಗೆ ನಿಜವಾದ ಉತ್ತರವನ್ನೂ ಸ್ವಲ್ಪ ತೋರಿಸ್ತಾರೆ, ಗುರುವನ್ನೇ ಪೂರ್ತಿ ನಂಬಿ ಕೂರ್ಬಾರ್ದು ಅಂತ. ಈ ‘ಸ್ವಲ್ಪ’ ಆಮೇಲೆ ಬರ್ತದೆ, ನನ್ನ ಮಾನ ಹೋದ ಕತೆಯಲ್ಲಿ.

ಇದು ಯಾರ ಬುದ್ಧಿ? 2006ರಲ್ಲಿ ಬುಚಿಲಾ, ಕರುವಾನಾ, ನಿಕುಲೆಸ್ಕು-ಮಿಝಿಲ್ ಅಂತ ಮೂರು ಜನ ಮಾಡೆಲ್ ಕಂಪ್ರೆಶನ್ ಅಂತ ಬರೆದ್ರು, ತುಂಬಾ ಮಾಡೆಲ್‌ಗಳ ಗುಂಪಿಗೆ ಗೊತ್ತಿದ್ದದ್ದನ್ನ ಒಂದೇ ಸಣ್ಣ ನೆಟ್‌ವರ್ಕಿಗೆ ಕಲಿಸೋದು. ಬೀಜ ಅದು. ಆದ್ರೆ ಹೆಸರು, ಟೆಂಪರೇಚರ್, ಇದೆಲ್ಲ ಊರಿಡೀ ಹಬ್ಬಿದ್ದು 2015ರ ಪೇಪರಿಂದ: ಜೆಫ್ರಿ ಹಿಂಟನ್, ಓರಿಯಲ್ ವಿನ್ಯಾಲ್ಸ್, ಜೆಫ್ ಡೀನ್. ಹಿಂಟನ್ ಅಂದ್ರೆ 2024ರಲ್ಲಿ ಫಿಸಿಕ್ಸ್ ನೊಬೆಲ್ ಹಂಚಿಕೊಂಡವ್ರು, ಅವ್ರೇ.

ಆ ಪೇಪರ್ ಒಳಗೆ ಎಂನಿಸ್ಟ್ ಮೇಲೆ ಒಂದು ಸಣ್ಣ ಪ್ರಯೋಗ ಉಂಟು, ನನಗೆ ಇಡೀ ಪೇಪರಲ್ಲಿ ಅದೇ ಪ್ರಾಣ. ದೊಡ್ಡ ನೆಟ್‌ವರ್ಕ್ 10,000 ಪರೀಕ್ಷೆ ಚಿತ್ರದಲ್ಲಿ 67 ತಪ್ಪು ಮಾಡ್ತು. ಸಣ್ಣದಕ್ಕೆ ನೇರವಾಗಿ, ಬರೀ ಸರಿ ಉತ್ತರ ಕೊಟ್ಟು ಕಲಿಸಿದ್ರೆ 146 ತಪ್ಪು. ಅದೇ ಸಣ್ಣದಕ್ಕೆ ದೊಡ್ಡದರ ಮಾತು ಕೇಳಿಸಿ, ಟೆಂಪರೇಚರ್ 20 ಇಟ್ಟು ಕಲಿಸಿದ್ರೆ 74. ಅದೇ ಹುಡುಗ, ಅದೇ ಪುಸ್ತಕ, ಮಾಸ್ತರ್ರು ಮಾತ್ರ ಸಿಕ್ಕಿದ್ದು.

ಮುಂದಿನದ್ದು ಇನ್ನೂ ವಿಚಿತ್ರ. ಶಿಷ್ಯನ ಪುಸ್ತಕದಿಂದ 3 ಅನ್ನೋ ಅಂಕಿಯ ಎಲ್ಲಾ ಚಿತ್ರ ಹರಿದು ಹಾಕಿದ್ರು. ಅವನು ಜನ್ಮದಲ್ಲಿ ಒಂದೂ 3 ನೋಡಿಲ್ಲ. ಪರೀಕ್ಷೆಯಲ್ಲಿ 1010 ಮೂರುಗಳು ಬಂದ್ವು. 133 ತಪ್ಪಿದ. ಅಂದ್ರೆ ನೋಡದೇ ಇದ್ದ ಅಂಕಿಯನ್ನ ಬಹುಪಾಲು ಸಲ ಸರಿಯಾಗಿ ಹೇಳಿದ! ಆಮೇಲೆ ನೋಡಿದ್ರೆ ತಪ್ಪಾದದ್ದು ಹೆಚ್ಚಿನದ್ದೂ ಸಂಕೋಚದಿಂದ, ಪಾಠದಲ್ಲಿ ಒಮ್ಮೆಯೂ ‘3’ ಸರಿ ಉತ್ತರ ಆಗಿರ್ಲಿಲ್ಲವಲ್ಲ, ಹಾಗಾಗಿ ಹೇಳ್ಲಿಕ್ಕೆ ಹಿಂಜರಿಕೆ. 3ರ ಕಡೆ ಒಂದು ಚೂರು ತಕ್ಕಡಿ ಬಾಗಿಸಿದ್ರು, ಬಯಸ್ ಅಂತಾರೆ ಅದಕ್ಕೆ, ಆಗ 1010ರಲ್ಲಿ ಬರೀ 14 ತಪ್ಪು. ನೂರಕ್ಕೆ 98.6 ಸರಿ.

ಇಲ್ಲಿ ಎದುರಿನ ಸಾಲಿಂದ ಒಬ್ಬ ಹಿರಿಯರು ತಡೆದ್ರು, ರೆಕಾರ್ಡಿಂಗಲ್ಲಿ ಅವ್ರ ದನಿ ನನ್ನದಕ್ಕಿಂತ ಜೋರಾಗಿ ಉಂಟು. “ನೋಡದ್ದನ್ನ ಹೇಗೆ ಹೇಳ್ತಾನೆ ಮಾರಾಯ? ಕಣಿ ಕೇಳಿ ಬಂದನಾ?”

ಇಲ್ಲ ಮಾಮ, ಕಣಿ ಅಲ್ಲ. ನೀವು ಹೇಳಿ, ನಿಮ್ಮ ಕಡೆಯ ಯಾರನ್ನೋ ಕರ್ಕೊಂಡು ಬರ್ಲಿಕ್ಕೆ ಕುರ್ಲಾ ಟರ್ಮಿನಸ್ಸಿಗೆ ಹೋಗ್ತೀರಿ, ಹುಡುಗನನ್ನ ನೀವು ನೋಡಿಯೇ ಇಲ್ಲ, ಫೋಟೋನೂ ಇಲ್ಲ. ಆದ್ರೆ ಮನೆಯವ್ರು ವರ್ಷಗಟ್ಟಲೆ ಹೇಳಿದ್ದಾರೆ. ಅಪ್ಪನನ್ನ ನೋಡಿದಾಗೆಲ್ಲ “ಮೂಗು ಮಗನಿಗೂ ಇದೇ” ಅಂದಿದ್ದಾರೆ, ಸೋದರಮಾವ ನಡೆದು ಬರುವಾಗ “ಅವನೂ ಹೀಗೇ ಕಾಲು ಎಳೀತಾನೆ” ಅಂದಿದ್ದಾರೆ. ರೈಲಿಂದ ಇಳಿದವ್ರಲ್ಲಿ ನೀವು ಅವನನ್ನ ಹಿಡೀತೀರಾ ಇಲ್ವಾ? ಹಿಡೀತೀರಿ. ಇಲ್ಲೂ ಅಷ್ಟೇ. ಶಿಷ್ಯ 8 ನೋಡುವಾಗ ಗುರು ಮೆಲ್ಲಗೆ “ಎಡಗಡೆ ಇಷ್ಟು ತೆರೆದಿದ್ರೆ 3 ಆಗ್ತಿತ್ತು” ಅನ್ನುವ ಹಾಗೆ 3ಕ್ಕೂ ಒಂದು ಚೂರು ಪಾಲು ಕೊಟ್ಟ. 5 ನೋಡುವಾಗ, 2 ನೋಡುವಾಗ ಹಾಗೇ. ಸಾವಿರಾರು ಸಲ ಕೇಳಿ ಕೇಳಿ ಶಿಷ್ಯನ ತಲೆಯಲ್ಲಿ 3ಕ್ಕೆ ಒಂದು ಆಕಾರ ಬಂತು. ಗುರು ತಪ್ಪು ಉತ್ತರಗಳಿಗೆ ಹಂಚಿದ ಆ ಚಿಲ್ಲರೆ ಶೇಕಡಾಗಳಲ್ಲೇ ಇಷ್ಟೆಲ್ಲ ಇತ್ತು. ಇದಕ್ಕೆ ಡಾರ್ಕ್ ನಾಲೆಡ್ಜ್ ಅಂತ ಹಿಂಟನ್ ಹೆಸರಿಟ್ರು. ನಾನು ಇದನ್ನ ಗುರುವಿನ ಅನುಮಾನ ಅಂತೇನೆ. ಗುರುವಿಗೆ ಯಾವುದರ ಮೇಲೆ ಎಷ್ಟು ಅನುಮಾನ ಅನ್ನೋದೇ ಪಾಠ, ಉತ್ತರ ಅಲ್ಲ.

ಹಿರಿಯರು “ಹ್ಞಾ, ಹಾಗೆ ಹೇಳು” ಅಂದು ಕೂತ್ರು. ಆಮೇಲೆ ಮೈಕ್ ಹೋಯ್ತು.

ಮೈಕ್ ಇಲ್ಲದ ಹೊತ್ತಲ್ಲಿ ಹೇಳಿದ್ದು ಮುಖ್ಯವಾಗಿ ಇದು ನಿಜ ಜೀವನದಲ್ಲಿ ಎಲ್ಲುಂಟು ಅಂತ. ಗೂಗಲ್‌ನ ಬರ್ಟ್ ಅನ್ನೋ ಭಾಷಾ ಮಾಡೆಲ್, ಬೇಸ್ ಅನ್ನೋ ಗಾತ್ರದ್ದು 11 ಕೋಟಿ ಪ್ಯಾರಾಮೀಟರ್. 2019ರಲ್ಲಿ ಹಗ್ಗಿಂಗ್ ಫೇಸ್ ಅನ್ನೋ ಕಂಪನಿಯವ್ರು ಅದರ 12 ಪದರವನ್ನ 6 ಮಾಡಿ, ಹೀಗೇ ಪಾಠ ಹೇಳಿಸಿ ಡಿಸ್ಟಿಲ್‌ಬರ್ಟ್ ಮಾಡಿದ್ರು, 6.6 ಕೋಟಿ. ಗಾತ್ರ 40 ಶೇಕಡಾ ಕಮ್ಮಿ, ವೇಗ 60 ಶೇಕಡಾ ಜಾಸ್ತಿ, ಬುದ್ಧಿ 97 ಶೇಕಡಾ ಉಳೀತು ಅಂತ ಅವ್ರದ್ದೇ ಲೆಕ್ಕ. 2023ರಲ್ಲಿ ಮಾತನ್ನ ಅಕ್ಷರ ಮಾಡುವ ವಿಸ್ಪರ್‌ಗೂ ಹಾಗೇ ಮಾಡಿದ್ರು, 6 ಪಟ್ಟು ವೇಗ. ಆದ್ರೆ ಅದು ಬರೀ ಇಂಗ್ಲಿಷಿಗೆ, ಕನ್ನಡದವ್ರು ಅದನ್ನ ಹಾಕ್ಕೊಂಡು ಮಾತಾಡಿದ್ರೆ ಕೆಲಸ ಆಗೋದಿಲ್ಲ. ನಮಗೆ ಹತ್ರದ್ದು ಅಂದ್ರೆ ಇಂಡಿಕ್‌ಟ್ರಾನ್ಸ್2, ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಮಾಡಿದ್ದು, ಸಂವಿಧಾನದ ಎಂಟನೇ ಶೆಡ್ಯೂಲಿನ 22 ಭಾಷೆಗೆ ಅನುವಾದ, ಕನ್ನಡ ಉಂಟು, ಕೊಂಕಣಿ ಉಂಟು. ದೊಡ್ಡದು 110 ಕೋಟಿ ಪ್ಯಾರಾಮೀಟರ್ ಹತ್ರ, ಅದರ ಶಿಷ್ಯ 20 ಕೋಟಿ ಹತ್ರ. ನನ್ನ ಹಳೇ ಲ್ಯಾಪ್‌ಟಾಪಲ್ಲಿ, ಫ್ಯಾನ್ ಸ್ವಲ್ಪ ಕೂಗಿದ್ರೂ, ಆ ಸಣ್ಣದು ಓಡ್ತದೆ.

ಇನ್ನೊಂದು ವಿಷಯ ನಾನು ಓದಿ ನಕ್ಕದ್ದು. ಗುರು ದೊಡ್ಡವನಾದಷ್ಟೂ ಶಿಷ್ಯ ಜಾಣ ಆಗ್ತಾನೆ ಅಂತ ನಾವೆಲ್ಲ ಅಂದ್ಕೊಂಡಿದ್ದೆವು. ಹಾಗಿಲ್ಲ. ತುಂಬಾ ದೊಡ್ಡ ಗುರುವನ್ನ ತುಂಬಾ ಸಣ್ಣ ಶಿಷ್ಯನ ಎದುರು ಕೂರಿಸಿದ್ರೆ ಕೆಲವೊಮ್ಮೆ ಶಿಷ್ಯ ಹಿಂದೆ ಬೀಳ್ತಾನೆ, ಪಿಎಚ್‌ಡಿ ಆದವ್ರನ್ನ ತಂದು ಒಂದನೇ ಕ್ಲಾಸಿಗೆ ಹಾಕಿದ ಹಾಗೆ. 2020ರ ಒಂದು ಪೇಪರಲ್ಲಿ ಮಿರ್ಜಾದೆ ಮತ್ತೆ ಜೊತೆಯವ್ರು ಮಧ್ಯದ ಗಾತ್ರದ ಒಬ್ಬ ಅಸಿಸ್ಟೆಂಟ್ ಇಡಿ ಅಂದ್ರು, ದೊಡ್ಡವ ಅವನಿಗೆ ಕಲಿಸ್ಲಿ, ಅವ ಸಣ್ಣವನಿಗೆ ಕಲಿಸ್ಲಿ. ಕ್ಲಾಸ್ ಮಾನಿಟರ್ ಪದ್ಧತಿ. ಇದಕ್ಕೆ ಪೇಪರ್ ಬೇಕಾಯ್ತಾ ಅಂತ ನಮ್ಮ ಅಮ್ಮ ಕೇಳಿದ್ರು, ಅವ್ರು ಮೂವತ್ತು ವರ್ಷ ಟೀಚರ್.

ಈಗ ನನ್ನ ಮಾನ ಹೋದ ಕತೆ. ಮೊದಲು ಕೆಲಸ ಮಾಡ್ತಿದ್ದ ಕಂಪನಿ, ಹೆಸರು ಬೇಡ. ಗೋಡೌನಲ್ಲಿ ಕೈಬರಹದ ಚೀಟಿ ಬರ್ತದೆ, ಕಾರ್ಬನ್ ಹಾಕಿ ಬರೆದದ್ದು, ಎಷ್ಟು ಮೂಟೆ ಬಂತು ಅಂತ. ಅದನ್ನ ಫೋನಲ್ಲಿ ಫೋಟೋ ಹೊಡೆದ್ರೆ ಅಂಕಿ ಓದಿ ಲೆಕ್ಕಕ್ಕೆ ಹಾಕ್ಬೇಕು. ಗೋಡೌನಲ್ಲಿ ಸಿಗ್ನಲ್ ಇಲ್ಲ, ಫೋನ್ ಅತಿ ಅಗ್ಗದ್ದು, ಹಾಗಾಗಿ ಮಾಡೆಲ್ ಸಣ್ಣದೇ ಬೇಕು. ದೊಡ್ಡ ಮಾಡೆಲ್ ಆಫೀಸಲ್ಲಿ ಇತ್ತು, ಅದನ್ನ ಗುರು ಮಾಡಿ ಸಣ್ಣದಕ್ಕೆ ಪಾಠ ಹೇಳಿಸಿದೆ. ಲೇಬಲ್ ಇಲ್ಲದ ಚೀಟಿ ರಾಶಿ ಇತ್ತು, ಮನುಷ್ಯರು ಕೂತು ಉತ್ತರ ಬರೀಲಿಕ್ಕೆ ದುಡ್ಡು ಖರ್ಚು, ಗುರು ಇದ್ದಾನಲ್ಲ, ಅವನೇ ಹೇಳ್ಲಿ ಅಂತ. ಇದು ಈ ವಿಧಾನದ ದೊಡ್ಡ ಆಕರ್ಷಣೆಯೂ ಹೌದು, ಗುರು ಇದ್ರೆ ಉತ್ತರಪತ್ರಿಕೆ ಬೇಡ. ಆಗ ಹೇಳಿದೆನಲ್ಲ, ನಿಜವಾದ ಉತ್ತರವನ್ನೂ ಸ್ವಲ್ಪ ತೋರಿಸ್ಬೇಕು ಅಂತ, ಆ ಸ್ವಲ್ಪವನ್ನ ನಾನು ಬಿಟ್ಟೆ. ಕೊನೆಗೆ ಪರೀಕ್ಷೆ ಹೇಗೆ ಮಾಡಿದೆ ಗೊತ್ತಾ? ಗುರು ಏನು ಹೇಳ್ತಾನೆ, ಶಿಷ್ಯ ಏನು ಹೇಳ್ತಾನೆ, ಎರಡೂ ಒಂದೇನಾ ಅಂತ. ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ ಬಂತು. ಪೇಡೆ ಹಂಚಿದೆವು.

ಗೋಡೌನಿಗೆ ಹೋದ ಮೂರನೇ ದಿನ ಫೋನ್. ನಲವತ್ತು ಮೂಟೆ ಬಂದದ್ದು ನೂರ ನಲವತ್ತು ಅಂತ ಲೆಕ್ಕದಲ್ಲಿ ಕೂತಿದೆ. ನಾನೇ ಹೋದೆ. ಅಲ್ಲಿಯ ಮುನೀಮ್ ಏನೂ ಬೈಲಿಲ್ಲ, ಚೀಟಿ ನನ್ನ ಕೈಗೆ ಕೊಟ್ಟು ಬಲ್ಬ್ ಕೆಳಗೆ ಕರ್ಕೊಂಡು ಹೋಗಿ ತೋರಿಸಿದ್ರು. 40ರ ಎಡಗಡೆ ಕಾರ್ಬನ್ನಿನ ಒಂದು ನೀಟ ಗೆರೆ, ಮೇಲಿನ ಚೀಟಿ ಮಡಚಿದಾಗ ಬಿದ್ದದ್ದು. ಮನುಷ್ಯನಿಗೆ ಮಸಿ ಅಂತ ಕಾಣ್ತದೆ. ನಮ್ಮ ಗುರು ಮಾಡೆಲ್ ಕಾರ್ಬನ್ ಚೀಟಿಯನ್ನ ಸರಿಯಾಗಿ ನೋಡಿಯೇ ಇರ್ಲಿಲ್ಲ, ಅದನ್ನ ಒಂದು ಅಂತ ಓದ್ತಿತ್ತು, ಅದೂ ಅನುಮಾನವೇ ಇಲ್ಲದೆ. ಶಿಷ್ಯ ಗುರುವಿಗೆ ತಕ್ಕ ಶಿಷ್ಯ, ಆ ತಪ್ಪನ್ನೂ ಅಷ್ಟೇ ಧೈರ್ಯದಲ್ಲಿ ಕಲಿತಿದ್ದ. ನಾನು ಇಬ್ಬರನ್ನೂ ಒಬ್ಬರಿಗೊಬ್ಬರು ಸಾಕ್ಷಿ ಹಾಕಿಸಿ ಪಾಸ್ ಮಾಡಿದ್ದೆ. ವಾಪಸ್ ಬಂದು ಐನೂರು ಚೀಟಿ ಪ್ರಿಂಟ್ ಹಾಕಿಸಿ, ನಾನು ಮತ್ತೆ ಇನ್ನೊಬ್ಬ ಹುಡುಗ ಕೂತು ಕೈಯಲ್ಲೇ ಉತ್ತರ ಬರೆದೆವು, ಎರಡು ದಿನ ಹಿಡೀತು. ಆ ಐನೂರರಲ್ಲಿ ಗುರುವನ್ನೂ ಪರೀಕ್ಷೆಗೆ ಕೂರಿಸಿದೆವು. ಗುರುವಿನ ಮಾರ್ಕ್ ಇಲ್ಲಿ ಹೇಳೋದಿಲ್ಲ, ದೊಡ್ಡವ್ರ ಬಗ್ಗೆ ಹಾಗೆಲ್ಲ ಮಾತಾಡ್ಬಾರ್ದು.

ಈಗಿನ ಸುದ್ದಿಗೂ ಸ್ವಲ್ಪ ಬರ್ತೇನೆ, ಟೈಮ್ ಆಗ್ತಾ ಬಂತು ಅಂತ ಅಕ್ಕ ಅಲ್ಲಿಂದ ಕೈ ಮಾಡ್ತಾ ಇದ್ದಾರೆ. 2025ರ ಜನವರಿಯಲ್ಲಿ ಚೀನಾದ ಡೀಪ್‌ಸೀಕ್ ಕಂಪನಿಯ ಆರ್1 ಅನ್ನೋ ಮಾಡೆಲ್ ಬಂದು ಗದ್ದಲ ಎದ್ದಿತಲ್ಲ, ಅವ್ರು ಜೊತೆಗೆ ಆರು ಸಣ್ಣ ಮಾಡೆಲ್ ಬಿಟ್ರು, 1.5 ಬಿಲಿಯನ್‌ನಿಂದ 70 ಬಿಲಿಯನ್ ತನಕ. ಅವು ಹೊಸದಾಗಿ ಹುಟ್ಟಿದ್ದಲ್ಲ, ಅಲಿಬಾಬಾದ ಕ್ವೆನ್, ಮೆಟಾದ ಲಾಮಾ, ಇವನ್ನೇ ತಗೊಂಡು ದೊಡ್ಡ ಆರ್1 ಬಿಡಿಸಿದ ಲೆಕ್ಕ, ಬರೆದ ಉತ್ತರ ಎಲ್ಲಾ ಸೇರಿಸಿ ಸುಮಾರು 8 ಲಕ್ಷ ಮಾದರಿಗಳಲ್ಲಿ ತಿದ್ದಿದ್ದು. ಇಲ್ಲಿ ಆ ಚಿಲ್ಲರೆ ಶೇಕಡಾಗಳು ಇಲ್ಲ, ಗಮನಿಸಿ. ಭಟ್ರು ಹಿಟ್ಟಿನ ಬಗ್ಗೆ ಹೇಳಿದ್ದು ಅಲ್ಲ, ಭಟ್ರು ಮಾಡಿಟ್ಟ ದೋಸೆ ನೋಡಿ ಕಲಿತದ್ದು. ಆದ್ರೆ ಒಂದು ವ್ಯತ್ಯಾಸ, ಗುರು ಹೆಜ್ಜೆ ಹೆಜ್ಜೆಯಾಗಿ ಯೋಚನೆ ಮಾಡಿದ್ದನ್ನ, ತಪ್ಪಿ ವಾಪಸ್ ಬಂದದ್ದನ್ನ ಸಮೇತ ಬರೆದಿಟ್ಟಿರ್ತದೆ, ಹಾಗಾಗಿ ಅನುಮಾನ ಬೇರೆ ರೂಪದಲ್ಲಿ ಒಳಗೆ ಬಂದೇ ಬರ್ತದೆ ಅಂತ ನನ್ನ ಅನಿಸಿಕೆ. ಇದರಲ್ಲಿ ಜಗಳವೂ ಉಂಟು. ದುಡ್ಡು ಕೊಟ್ಟು ಬಳಸುವ ಹಲವು ಮಾಡೆಲ್‌ಗಳ ನಿಯಮದಲ್ಲಿ ನಮ್ಮ ಉತ್ತರದಿಂದ ನಮಗೇ ಪೈಪೋಟಿ ಕೊಡುವ ಮಾಡೆಲ್ ಮಾಡ್ಬಾರ್ದು ಅಂತ ಬರೆದಿರ್ತದೆ. ಪಕ್ಕದ ಹೋಟ್ಲಿನವ ನಮ್ಮಲ್ಲಿ ದಿನಾ ಸಾಂಬಾರು ಪಾರ್ಸೆಲ್ ತಗೊಂಡು ಹೋದ್ರೆ ದೊಡ್ಡಪ್ಪನಿಗೂ ಸಂಶಯ ಬರ್ತಿತ್ತು, ಕೊಡದೇ ಇರ್ಲಿಕ್ಕೂ ಆಗ್ತಿರ್ಲಿಲ್ಲ. ಅಂದ ಹಾಗೆ ಆ ಗದ್ದಲ ಮಾಡುವ ಗುರುಗಳೆಲ್ಲ ಯಾರ ಬರಹ ಓದಿ ಗುರು ಆದದ್ದು ಅಂತ ಕೇಳಿದ್ರೆ ಮಾತು ಬೇರೆ ಕಡೆ ಹೋಗ್ತದೆ, ಬಿಡಿ.

ಪ್ರಶ್ನೆ ಕೇಳಿ ಅಂದಾಗ ಮೊದಲು ಎದ್ದದ್ದು ಘಾಟ್ಕೋಪರಿನ ಒಬ್ಬ ಅಕ್ಕ. “ನೀವು 22 ಭಾಷೆ ಅಂದ್ರಲ್ಲ, ಅದ್ರಲ್ಲಿ ತುಳು ಉಂಟಾ?”

ಇಲ್ಲ ಅಕ್ಕ. ತುಳು ಎಂಟನೇ ಶೆಡ್ಯೂಲಲ್ಲಿ ಇಲ್ಲ, ಹಾಗಾಗಿ ಆ ಪಟ್ಟಿಯಲ್ಲೂ ಇಲ್ಲ.

“ಆದ್ರೆ 3 ನೋಡದೇ 3 ಕಲಿತ ಅಂದ್ರಿ. ಕನ್ನಡ ಮಲಯಾಳ ಎಲ್ಲಾ ನೋಡಿ ತುಳು ಕಲಿಲಿಕ್ಕೆ ಆಗೋದಿಲ್ವಾ?”

ಇಡೀ ದಿನದ ಒಳ್ಳೇ ಪ್ರಶ್ನೆ ಅದು, ನಾನು ಒಂದು ಗುಟುಕು ನೀರು ಕುಡಿದೆ. ಅಲ್ಲಿ ಶಿಷ್ಯ 3 ನೋಡಿರ್ಲಿಲ್ಲ ನಿಜ ಅಕ್ಕ, ಆದ್ರೆ ಗುರು ನೋಡಿದ್ದ. ಗುರುವಿಗೆ 3 ಅಂದ್ರೆ ಏನು ಅಂತ ಗೊತ್ತಿದ್ದಕ್ಕೇ ಅವ 8ರಲ್ಲಿ ಅದರ ನೆರಳು ಹಿಡಿದು ಹೇಳಿದ. ತುಳು ಸರಿಯಾಗಿ ಓದದ ಗುರು ಕನ್ನಡ ವಾಕ್ಯ ನೋಡಿ ‘ಇದು ತುಳುವಿನ ಹಾಗೆ ಉಂಟು’ ಅಂತ ಎಲ್ಲಿಂದ ಹೇಳಿಯಾನು? ಹೇಳಿದ್ರೂ ನನ್ನ ಗೋಡೌನಿನ ಗುರುವಿನ ಹಾಗೆ ಧೈರ್ಯವಾಗಿ ತಪ್ಪು ಹೇಳ್ತಾನೆ. ಹತ್ತಿರದ ಭಾಷೆಯಿಂದ ಸಹಾಯ ಆಗ್ತದೆ, ಇಲ್ಲ ಅನ್ನೋದಿಲ್ಲ, ಆದ್ರೆ ಮೊದ್ಲು ಗುರುವಿಗೆ ತುಳು ಬರ್ಬೇಕು, ಅದಕ್ಕೆ ಬರೆದ ತುಳು, ಆಡಿದ ತುಳು ರಾಶಿ ಬೇಕು. “ನಮ್ಮ ಅತ್ತೆ ಮಾತಾಡಿದ್ದು ರೆಕಾರ್ಡ್ ಮಾಡಿದ್ರೆ ಆದೀತಾ? ನಿಲ್ಸೋದೇ ಇಲ್ಲ ಅವ್ರು” ಅಂದ್ರು. ಆದೀತು ಅಕ್ಕ, ಅತ್ತೆಯ ಒಪ್ಪಿಗೆ ಕೇಳಿ ಮಾಡಿ.

ಎಲ್ಲಾ ಮುಗಿದು ಉಪ್ಪಿಟ್ಟು ಶೀರಾ ತಿನ್ನುವಾಗ ಆ ಮುಂದಿನ ಸಾಲಿನ ಹಿರಿಯರು ಹತ್ರ ಬಂದ್ರು. ಕಿಸೆಯಿಂದ ಯಾವುದೋ ಬಿಲ್ ತೆಗೆದು ಅದರ ಹಿಂದೆ ಕನ್ನಡದಲ್ಲಿ ಒಂದೇ ಅಂಕಿ ಬರೆದು “ನಿನ್ನ ಶಿಷ್ಯನಿಗೆ ತೋರಿಸು” ಅಂದ್ರು. ಕನ್ನಡ ಅಂಕಿಯ ಸಣ್ಣ ಮಾಡೆಲ್ ಒಂದು ನನ್ನ ಫೋನಲ್ಲಿ ಇತ್ತು, ಕ್ಯಾಮೆರಾ ಹಿಡಿದೆ. ಮೊದಲ ಉತ್ತರ ೬, ಅದರ ಕೆಳಗೆ ಬೆನ್ನಿಗೇ ಅಂಟಿಕೊಂಡ ಹಾಗೆ ೯. ಎಂತ ಬರೆದದ್ದು ಮಾಮ ಅಂತ ಕೇಳಿದೆ.

“ಒಂಬತ್ತು. ಪರವಾಗಿಲ್ಲ, ಐವತ್ತು ವರ್ಷ ನಮ್ಮ ಕ್ಯಾಷಿಯರ್ ಕೂಡ ಆರು ಅಂತಲೇ ಓದಿದ್ದು. ಆದ್ರೆ ಅವ ಒಮ್ಮೆ ತಲೆ ಎತ್ತಿ ನನ್ನ ಮುಖ ನೋಡ್ತಿದ್ದ.”